ಬೆಣ್ಣೆ ಹುಡುಕುವ ಕಡಗೋಲು

ನದಿಯೊಂದು ಬಾಗಿ ಹರಿಯುವ ಕಡೆ ಒಂದು ಆಶ್ರಮವಿತ್ತು. ಅಲ್ಲಿನ ಗುರು ನಾಗಾಂಬಿಕೆ. ವಯಸ್ಸು ಎಂಬತ್ತು ದಾಟಿತ್ತು. ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಎಲ್ಲರೂ ಅವರನ್ನು ಅವ್ವ ಎಂದು ಕರೆಯುತ್ತಿದ್ದರು.

ಆ ಆಶ್ರಮದಲ್ಲಿ ದೀಕ್ಷೆಯನ್ನು ಬಾಯಿ ಬಿಟ್ಟು ಕೇಳುವ ಪದ್ಧತಿ ಇರಲಿಲ್ಲ. ಬೇಕೆನ್ನುವವರು ಹುಣ್ಣಿಮೆಯ ದಿನ ತಮ್ಮ ಕೈಯಾರೆ ಒಂದು ತಿನಿಸು ಮಾಡಿ ಅವ್ವನ ಮುಂದೆ ಇಡಬೇಕು. ಅವ್ವ ತಟ್ಟೆಯನ್ನು ಬರಿದು ಮಾಡಿದರೆ ದೀಕ್ಷೆ ದೊರೆತಂತೆ. ಒಂದು ಚಿಟಿಕೆ ಮಾತ್ರ ಬಾಯಿಗೆ ಹಾಕಿಕೊಂಡು ಉಳಿದುದನ್ನು ಹಂಚಿಬಿಟ್ಟರೆ ಇನ್ನೂ ಸಮಯವಾಗಿಲ್ಲ ಎಂದು ಅರ್ಥ.

ದನಗಳನ್ನು ನೋಡಿಕೊಳ್ಳುವ ಪಂಚಾಕ್ಷರಯ್ಯನವರು ಸೀದ ರೊಟ್ಟಿಯನ್ನಿಟ್ಟು ದೀಕ್ಷೆ ಪಡೆದವರು. ಆ ರೊಟ್ಟಿಯನ್ನು ಅವ್ವ ಹೇಗೆ ನುಂಗಿದರೆಂಬುದು ಇಂದಿಗೂ ಯಾರಿಗೂ ತಿಳಿಯದು.

ಅಂಬುಜಾಕ್ಷಿ ಆಶ್ರಮದ ಅಡುಗೆಯವಳು. ಅವಳ ಕೈರುಚಿಯ ಹೆಸರು ಹೊಳೆಯಾಚೆಗೂ ಹೋಗಿತ್ತು. ಯಾವ ತಿನಿಸನ್ನೂ ಕೊನೆಯಲ್ಲಿ ಒಂದು ಸೌಟು ತುಪ್ಪ ಹಾಕದೆ ಅವಳು ಒಲೆಯಿಂದ ಇಳಿಸಿದವಳಲ್ಲ. ತಿಂದವರ ಬೆರಳು ಹೊಳೆಯಬೇಕು, ತಿಂದವರು ಅವಳ ಹೆಸರು ಹೇಳಬೇಕು.

ಹುಣ್ಣಿಮೆ ಹುಣ್ಣಿಮೆಗೂ ಅವಳು ಅವ್ವನ ಮುಂದೆ ತಟ್ಟೆ ಇಡುತ್ತಿದ್ದಳು. ಹೋಳಿಗೆ ಇಟ್ಟಳು. ರವೆ ಉಂಡೆ ಇಟ್ಟಳು. ಮೈಸೂರುಪಾಕು ಇಟ್ಟಳು. ಇಟ್ಟವಳು ಹಿಂದೆ ಸರಿದು, ಬಾಗಿಲಿಗೆ ಅಡ್ಡವಾಗಿ ನಿಂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಅವ್ವನ ಬಾಯಿಯನ್ನೇ ನೋಡುತ್ತಿದ್ದಳು.

ಅವ್ವ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುವರು.

"ಸ್ವಲ್ಪ ಸರಿದುಕೋ ಮಗಳೇ, ಗಾಳಿ ಬರಲಿ," ಎನ್ನುವರು.

ಅವಳು ಒಂದು ಹೆಜ್ಜೆ ಸರಿಯುವಳು. ಅವಳ ಕಣ್ಣು ಮಾತ್ರ ಅಲ್ಲಿಯೇ ಇರುತ್ತಿತ್ತು. ಅವ್ವ ತಟ್ಟೆಯನ್ನು ಪಂಚಾಕ್ಷರಯ್ಯನವರ ಕಡೆಗೆ ತಳ್ಳುವರು.

"ನಿನ್ನ ದೀಕ್ಷೆಯಿಂದ ನನ್ನ ಮೈ ಚೆನ್ನಾಗಿ ತುಂಬಿಕೊಳ್ಳುತ್ತಿದೆ ತಂಗಿ," ಎಂದು ಪಂಚಾಕ್ಷರಯ್ಯನವರು ಹೊಟ್ಟೆ ಸವರಿಕೊಳ್ಳುವರು.

"ನಗಿ ಅಯ್ಯನವರೇ, ನಗಿ. ಅವ್ವನಿಗೆ ಹಲ್ಲಿಲ್ಲ, ಅದಕ್ಕೇ ಬಿಡುತ್ತಾರೆ. ಹಲ್ಲಿದ್ದಿದ್ದರೆ ನಿಮಗೆ ಖಾಲಿ ತಟ್ಟೆಯೂ ಸಿಗುತ್ತಿರಲಿಲ್ಲ."

ಅವಳು ಹಾಗೆಂದು ನಂಬಿದ್ದಳು. ನಂಬದೆ ಹೋದರೆ ಮರುದಿನ ಒಲೆ ಹಚ್ಚುವುದಕ್ಕೆ ಅವಳಿಗೆ ಕೈ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಪಟ್ಟಣದಿಂದ ವಸುಂಧರಾ ಎಂಬ ಭಕ್ತೆ ಬಂದಳು. ಅವ್ವನ ಮುಂದೆ ಬಣ್ಣದ ಪೊಟ್ಟಣವೊಂದನ್ನು ಇಟ್ಟಳು.

"ಮಾರ್ಷ್‌ಮ್ಯಾಲೋ ಅಂತ ಅವ್ವ. ಇದಕ್ಕೆ ಹಲ್ಲೇ ಬೇಡ. ನಾಲಿಗೆಯ ಮೇಲಿಟ್ಟರೆ ಸಾಕು."

ಅವ್ವ ಒಂದನ್ನು ತೆಗೆದು ಬೆರಳಿನಿಂದ ಒತ್ತಿದರು. ಅದು ತಗ್ಗಿತು. ಬೆರಳು ತೆಗೆದರು. ಅದು ಎದ್ದು ಕುಳಿತಿತು. ಮತ್ತೆ ಒತ್ತಿದರು. ಮತ್ತೆ ಎದ್ದು ಕುಳಿತಿತು.

ಅವ್ವ ಮಗುವಿನಂತೆ ನಕ್ಕರು. "ಎಷ್ಟು ಒತ್ತಿದರೂ ಇದಕ್ಕೆ ಸಿಟ್ಟೇ ಇಲ್ಲವಲ್ಲ! ಏನು ಹಾಕಿ ಮಾಡಿದ್ದಾರೆ?"

ಪಂಚಾಕ್ಷರಯ್ಯನವರು ಪೊಟ್ಟಣವನ್ನು ಮೂಗಿನ ಹತ್ತಿರ ಹಿಡಿದು ಓದಿದರು. "ಸಕ್ಕರೆ... ಜೆಲಟಿನ್. ಅಯ್ಯೋ ಅವ್ವ, ಇದು ದನದ ಮೂಳೆ ಚರ್ಮ ಕುದಿಸಿ ತೆಗೆಯುವ ಅಂಟು!"

ಅದೇ ಹೊತ್ತಿಗೆ ಕೊಟ್ಟಿಗೆಯಿಂದ ಗೌರಿ ಹಸು ಅಂಬಾ ಎಂದಿತು.

ವಸುಂಧರಾ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯಿತು ಅವ್ವ, ನೋಡದೆ ತಂದುಬಿಟ್ಟೆ."

"ತಪ್ಪೇನು ಬಂತು? ಒತ್ತಿ ನೋಡಿದ್ದಕ್ಕೇ ನನಗೆ ಸಂತೋಷವಾಯಿತು. ನಮ್ಮ ಬಾಯಿಗೆ ಆಗುವಂಥದ್ದಾಗಿದ್ದರೆ ವಸಡುಗಳಿಗೆ ಹಬ್ಬವಾಗುತ್ತಿತ್ತು, ಅಷ್ಟೇ."

ಆ ಮಾತು ಅಂಬುಜಾಕ್ಷಿಯ ಕಿವಿಗೆ ಬಿತ್ತು. ಅವಳು ವಸುಂಧರೆಯ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

"ಇದನ್ನು ಮೂಳೆಯಿಲ್ಲದೆ ಮಾಡಲು ಬರುವುದಿಲ್ಲವೇ?"

"ಏಕೆ ಬರುವುದಿಲ್ಲ ಅಕ್ಕ? ಮನೆಯಲ್ಲಿ ನಾನು ಮಾಡುವುದೇ ಹಾಗೆ. ಕಾಬೂಲ್ ಕಡಲೆ ಬೇಯಿಸಿದ ಕಟ್ಟು ಇರುತ್ತದಲ್ಲ, ಗಟ್ಟಿಯಾದದ್ದು, ಅದನ್ನು ಆರಿಸಿ, ನಾಲ್ಕು ಹನಿ ನಿಂಬೆರಸ ಬಿಟ್ಟು ಕಡೆಯಬೇಕು. ಬೆಳ್ಳಗೆ ನೊರೆ ಏಳುತ್ತದೆ. ಇನ್ನೊಂದು ಕಡೆ ಚೈನಾ ಗ್ರಾಸ್ ಕರಗಿಸಿ ಸಕ್ಕರೆ ಹಾಕಿ ಎಳೆಪಾಕ ಮಾಡಿ, ಬಿಸಿಯಾಗಿರುವಾಗಲೇ ದಾರದಂತೆ ನೊರೆಯೊಳಗೆ ಇಳಿಸಬೇಕು. ಕಡೆಯುವ ಕೈ ನಿಲ್ಲಬಾರದು. ಕೊನೆಗೆ ನಿಮಗೆ ಬೇಕಾದ ಪರಿಮಳ. ತಟ್ಟೆಗೆ ಸುರಿದರೆ ಕೂತುಬಿಡುತ್ತದೆ."

"ಚೈನಾ ಗ್ರಾಸ್ ಎಂದರೆ ಹುಲ್ಲೇ?"

"ಸಮುದ್ರದ ಪಾಚಿ ಅಕ್ಕ. ಒಣಗಿಸಿ ಮಾರುತ್ತಾರೆ. ನಾನೇ ಕಳಿಸಿಕೊಡುತ್ತೇನೆ."

"ತುಪ್ಪ ಎಷ್ಟು?"

"ತುಪ್ಪ ಬೇಡ."

ಪಾಪ, ಪಟ್ಟಣದವರು, ಅವರಿಗೆ ತುಪ್ಪ ಎಲ್ಲಿಂದ ಬರಬೇಕು ಎಂದುಕೊಂಡಳು ಅಂಬುಜಾಕ್ಷಿ.

ಪಾಚಿ ಬಂದಿತು. ಕಡಲೆ ಬೆಂದಿತು. ಅಂಬುಜಾಕ್ಷಿ ಮಜ್ಜಿಗೆ ಕಡೆಯುವ ದೊಡ್ಡ ಪಾತ್ರೆಗೆ ಕಟ್ಟನ್ನು ಸುರಿದು, ಆಶ್ರಮದ ಹಳೆಯ ಕಡಗೋಲನ್ನು ಹಿಡಿದು ಕುಳಿತಳು.

ನೊರೆ ಎದ್ದಿತು. ಪಾತ್ರೆಯ ಅರ್ಧದವರೆಗೆ ಬಂದು ಅಲ್ಲಿಯೇ ಸುಸ್ತಾಗಿ ಕುಸಿಯಿತು.

ಮತ್ತೆ ಕಡೆದಳು. ಮತ್ತೆ ಕುಸಿಯಿತು. ತೋಳು ಬಿದ್ದುಹೋಗುವಷ್ಟು ಕಡೆದಳು. ತಳದಲ್ಲಿ ಮಬ್ಬು ನೀರು, ಮೇಲೆ ನಾಲ್ಕು ಗುಳ್ಳೆ.

"ತಂಗಿ, ಬಟ್ಟೆ ನೆನೆಹಾಕಿದ್ದೀಯೇನು?" ಎಂದು ಪಂಚಾಕ್ಷರಯ್ಯನವರು ಇಣುಕಿದರು.

"ನಿಮ್ಮ ಪಂಚೆಯನ್ನೇ ಹಾಕುತ್ತೇನೆ, ಕೊಡಿ."

ಕೊನೆಗೆ ಅವಳು ಅವ್ವನ ಬಳಿಗೆ ಹೋದಳು.

"ಅವ್ವ, ನೊರೆ ನಿಲ್ಲುತ್ತಿಲ್ಲ."

"ಯಾವುದರಿಂದ ಕಡೆದೆ?"

"ನಮ್ಮ ಕಡಗೋಲಿನಿಂದಲೇ."

"ಅದು ಇಷ್ಟು ವರ್ಷ ಏನನ್ನು ಹುಡುಕಿಕೊಂಡು ಬಂದಿದೆ?"

"ಬೆಣ್ಣೆಯನ್ನು."

"ಪಾಪ, ಇಲ್ಲಿಯೂ ಅದನ್ನೇ ಹುಡುಕುತ್ತಿದೆ," ಎಂದು ಅವ್ವ ಕಣ್ಣು ಮುಚ್ಚಿದರು.

ಅಂಬುಜಾಕ್ಷಿ ಅಡುಗೆಮನೆಗೆ ಬಂದು ಬಹಳ ಯೋಚಿಸಿದಳು. ಹುಡುಕುವ ವಸ್ತು ಸಿಗದಿದ್ದರೆ ಯಾರು ತಾನೇ ಮನಸ್ಸಿಟ್ಟು ಕೆಲಸ ಮಾಡುತ್ತಾರೆ? ಕಡಗೋಲಿಗೆ ಬೆಣ್ಣೆ ಬೇಕು, ಅಷ್ಟೇ ತಾನೇ? ಗೂಡಿನಿಂದ ತುಪ್ಪದ ಮಡಕೆ ಇಳಿಸಿ, ಕಡಲೆಯ ಕಟ್ಟಿನೊಳಗೆ ಧಾರಾಳವಾಗಿ ಒಂದು ಸೌಟು ಸುರಿದು ಕಡೆದಳು.

ಇದ್ದ ನಾಲ್ಕು ಗುಳ್ಳೆಗಳೂ ಹೋದವು.

ಅವಳು ಪಾತ್ರೆಯನ್ನು ಹೊತ್ತುಕೊಂಡೇ ಅವ್ವನ ಎದುರಿಗೆ ಬಂದಳು. ಕಣ್ಣಲ್ಲಿ ನೀರು ತುಂಬಿತ್ತು. "ಕಡಗೋಲು ಬೇಡಿದ್ದನ್ನು ಕೊಟ್ಟೆ ಅವ್ವ. ಆದರೂ ಹೀಗಾಯಿತು."

ಅವ್ವ ಪಾತ್ರೆಯನ್ನು ನೋಡಿದರು, ಅವಳನ್ನು ನೋಡಿದರು, ಬೊಚ್ಚುಬಾಯಿ ತೆರೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಂತರ ಪಾತ್ರೆಯನ್ನು ಬರಿದು ಮಾಡಿ ಕಂಕುಳಿಗೇರಿಸಿಕೊಂಡು ನದಿಯ ಮೆಟ್ಟಿಲಿಗೆ ನಡೆದರು. ಅಂಬುಜಾಕ್ಷಿ ಬೂದಿಯನ್ನೂ ಹುಣಸೆಹಣ್ಣನ್ನೂ ಕಡಗೋಲನ್ನೂ ಹಿಡಿದು ಹಿಂದೆ ಓಡಿದಳು.

"ಉಜ್ಜು," ಎಂದರು ಅವ್ವ.

ಅವಳು ಉಜ್ಜಿದಳು.

"ಹೊಳೆಯುತ್ತಿದೆ ಅವ್ವ. ಮುಖ ಕಾಣುತ್ತಿದೆ."

"ಯಾರ ಮುಖ?"

"ನನ್ನದೇ."

"ಹಾಗಾದರೆ ಇನ್ನೂ ಉಜ್ಜು."

ಅವಳು ಇನ್ನೂ ಉಜ್ಜಿದಳು. ಅವ್ವ ಬೊಗಸೆಯಲ್ಲಿ ನೀರೆತ್ತಿ ಪಾತ್ರೆಯೊಳಗೆ ಚೆಲ್ಲಿದರು. ನೀರು ಮುತ್ತುಮುತ್ತಾಗಿ ಒಡೆದು, ಅಂಚಿನ ಮೇಲೆ ನಿಲ್ಲದೆ ಉರುಳಿ ತಳಕ್ಕೆ ಓಡಿತು.

"ನೋಡು, ನಿನ್ನ ಪಾತ್ರೆಯಲ್ಲಿ ನಿಲ್ಲಲು ನೀರೂ ಹೆದರುತ್ತದೆ."

ಮತ್ತೆ ಬೂದಿ. ಮತ್ತೆ ಹುಣಸೆ. ಮತ್ತೆ ನೀರು. ಬಿಸಿಲು ಮೆಟ್ಟಿಲನ್ನು ಹತ್ತಿ ಬರುವ ಹೊತ್ತಿಗೆ, ಚೆಲ್ಲಿದ ನೀರು ಒಡೆಯದೆ ತೆಳ್ಳನೆಯ ಬಟ್ಟೆಯಂತೆ ಪಾತ್ರೆಯ ಮೈಗೆ ಹರಡಿಕೊಂಡಿತು.

ಅಂಬುಜಾಕ್ಷಿ ಮೆಲ್ಲನೆ ಕೇಳಿದಳು. "ಒಂದು ತೊಟ್ಟು ಜಿಡ್ಡಿದ್ದರೂ ನೊರೆ ನಿಲ್ಲುವುದಿಲ್ಲ, ಅಲ್ಲವೇ ಅವ್ವ?"

"ನನಗೇನು ಗೊತ್ತು? ನಾನು ಅಡುಗೆಯವಳೇ? ಪಂಚಾಕ್ಷರಯ್ಯನ ಜಿಡ್ಡು ಪಂಚೆಗೆ ಎಷ್ಟು ಸೋಪು ಹಚ್ಚಿದರೂ ನೊರೆ ಬಾರದು. ಅಷ್ಟು ಕಂಡಿದ್ದೇನೆ."

ಅವಳು ಕಡಗೋಲನ್ನು ಬೂದಿಯಲ್ಲಿ ಹೊರಳಿಸಿದಳು. ಅವ್ವ ಅದನ್ನು ತೆಗೆದುಕೊಂಡು ಮೂಸಿ ನೋಡಿದರು.

"ಇದು ಮರದ ತಿರುಳಿನವರೆಗೂ ಬೆಣ್ಣೆ ಕುಡಿದಿದೆ. ಇದಕ್ಕೆ ತೊಂದರೆ ಕೊಡಬೇಡ. ತನ್ನ ಮೊಸರಿನ ಹತ್ತಿರವೇ ಇರಲಿ. ಪಂಚಾಕ್ಷರಯ್ಯನಿಗೆ ಹೇಳು, ಬಿದಿರಿನ ಸೀಳು ಕಟ್ಟಿ ಹೊಸದೊಂದು ಮಾಡಿಕೊಡಲಿ."

"ಆಗಲಿ ಅವ್ವ."

"ಮೊಸರನ್ನು ಕಡೆದು ಬೆಣ್ಣೆ ತೆಗೆಯುತ್ತೀಯೆ. ಇದನ್ನು ಕಡೆದು ಏನು ತೆಗೆಯುತ್ತೀಯೆ?"

ಅಂಬುಜಾಕ್ಷಿ ನದಿಯನ್ನು ನೋಡುತ್ತ ಕುಳಿತಳು. "ತೆಗೆಯುವುದೇನೂ ಇಲ್ಲ ಅವ್ವ. ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುವುದು, ಅಷ್ಟೇ."

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದರು. "ಬಿಸಿಲೇರಿತು. ನಡಿ."

ಹುಣ್ಣಿಮೆ ಬಂದಿತು. ಬೆಳಿಗ್ಗೆಯೇ ಪಂಚಾಕ್ಷರಯ್ಯನವರು ಬಿದಿರಿನ ಹೊಸ ಕಡಗೋಲನ್ನು ತಂದುಕೊಟ್ಟರು. ಅಂಬುಜಾಕ್ಷಿ ಒಲೆಯ ಮೇಲೆ ಪಾಚಿಯನ್ನು ಕರಗಿಸಿ ಸಕ್ಕರೆ ಹಾಕಿದ್ದಳು. ಮುಖ ಅರಳಿತ್ತು.

"ಇಂದಿಗೆ ಹಲ್ಲಿನ ಕಥೆ ಮುಗಿಯಿತು ಅಯ್ಯನವರೇ. ನಿಮ್ಮ ಪಾಲಿಗೆ ಇನ್ನು ಮೇಲೆ ಏನೂ ಇಲ್ಲ."

ಪಂಚಾಕ್ಷರಯ್ಯನವರು ಹೊರಡಲಿಲ್ಲ. ತಲೆ ಕೆರೆದುಕೊಂಡರು.

"ತಂಗಿ, ಒಂದು ಮಾತು. ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅವ್ವ ಸಂಜೆ ಸಂಜೆ ಕೊಟ್ಟಿಗೆಗೆ ಬರುತ್ತಾರಲ್ಲ, ಗೌರಿಯ ಮೈ ಸವರುವುದಕ್ಕೆ..."

"ಬರುತ್ತಾರೆ."

"ಬಂದು ನನ್ನ ಹುರಿಗಡಲೆಯನ್ನೆಲ್ಲ ತಿಂದು ಹೋಗುತ್ತಾರೆ."

"ಹುರಿಗಡಲೆಯೇ! ಯಾವ ಹಲ್ಲಿನಲ್ಲಿ?"

"ವಸಡಿನಲ್ಲಿ. ಕಟಕಟ ಎನ್ನಿಸುತ್ತಾರೆ. ಗೌರಿ ಮೆಲುಕು ಹಾಕುವುದನ್ನು ನಿಲ್ಲಿಸಿ ನೋಡುತ್ತದೆ."

ಅಂಬುಜಾಕ್ಷಿ ಸೌಟನ್ನು ಕೆಳಗಿಟ್ಟಳು.

"ಹಾಗಾದರೆ ನನ್ನ ಹೋಳಿಗೆ? ನನ್ನ ಮೈಸೂರುಪಾಕು?"

ಪಂಚಾಕ್ಷರಯ್ಯನವರು ನೆಲವನ್ನು ನೋಡಿದರು.

ಇಷ್ಟು ಹುಣ್ಣಿಮೆಗಳಲ್ಲಿ ತಟ್ಟೆ ಉಳಿದದ್ದು ಹಲ್ಲಿಲ್ಲದ ಕಾರಣಕ್ಕಲ್ಲ. ಬೇಡವೆಂದೇ ಉಳಿಯಿತು. ಇಂದು ಮೆತ್ತಗಿನದನ್ನು ಇಟ್ಟು ಏನು ಪ್ರಯೋಜನ? ಅವಳಿಗೆ ಗಟ್ಟಿಯಾಗಿ ಅತ್ತುಬಿಡಬೇಕೆನ್ನಿಸಿತು. ಆದರೆ ಒಲೆಯ ಮೇಲೆ ಪಾಕ ಉಕ್ಕತೊಡಗಿತ್ತು. ಪಾಕಕ್ಕೆ ಯಾರ ದುಃಖವೂ ತಿಳಿಯದು. ಎಳೆ ಬಂದಾಗ ಇಳಿಸದಿದ್ದರೆ ಕಲ್ಲಾಗುತ್ತದೆ.

ಅವಳು ಮೂಗೊರೆಸಿಕೊಂಡು, ಒಲೆಯ ಉರಿ ತಗ್ಗಿಸಿ, ಪಾತ್ರೆಯ ಮುಂದೆ ಕುಳಿತು ಕಡೆಯತೊಡಗಿದಳು.

ನೊರೆ ಎದ್ದಿತು. ಅರ್ಧದವರೆಗೆ ಬಂದಿತು. ಅಲ್ಲಿ ನಿಲ್ಲದೆ ಮೇಲೇರಿತು. ಬೆಳ್ಳಗಾಯಿತು, ದಪ್ಪನಾಯಿತು, ಬಿದಿರಿನ ತುದಿಗೆ ಕೊಕ್ಕರೆಯ ಕೊಕ್ಕಿನಂತೆ ಅಂಟಿಕೊಂಡು ನಿಂತಿತು.

"ನಿಂತಿತು ಅಯ್ಯನವರೇ!"

"ನಿಜವಾಗಿ ನಿಂತಿದ್ದರೆ ಪಾತ್ರೆಯನ್ನು ನನ್ನ ತಲೆಯ ಮೇಲೆ ಬೋರಲು ಹಾಕು, ನೋಡೋಣ."

ಅವಳು ಹಾಗೆಯೇ ಮಾಡಿದಳು. ಪಂಚಾಕ್ಷರಯ್ಯನವರು ಕಣ್ಣು ಬಿಗಿಯಾಗಿ ಮುಚ್ಚಿ ಶಿವ ಶಿವ ಎಂದರು. ಒಂದು ತುಣುಕೂ ಬೀಳಲಿಲ್ಲ. ಅಳು ಬಂದಿದ್ದ ಬಾಯಲ್ಲಿಯೇ ಅಂಬುಜಾಕ್ಷಿಗೆ ನಗು ಬಂದಿತು.

ಪಂಚಾಕ್ಷರಯ್ಯನವರು ಪಾಕವನ್ನು ದಾರದಂತೆ ಇಳಿಸಿದರು. ಅವಳು ಕಡೆದಳು. ಗುಲಾಬಿಯ ಪಕಳೆಗಳನ್ನು ಅರೆದು ಹಿಂಡಿದ ರಸ ಬಿಟ್ಟಾಗ ನೊರೆ ಮುಂಜಾನೆಯ ಮೋಡದಂತೆ ತಿಳಿಗೆಂಪಾಯಿತು. ಆಗ ಅವಳ ಎಡಗೈ, ಅವಳನ್ನು ಕೇಳದೆಯೇ, ಹಿಂದಿನ ಗೂಡಿಗೆ ಹೋಯಿತು. ಗೂಡು ಬರಿದಾಗಿತ್ತು.

"ತುಪ್ಪದ ಮಡಕೆ ಎಲ್ಲಿ?"

"ಅವ್ವ ಬೆಳಿಗ್ಗೆಯೇ ತರಿಸಿಕೊಂಡರು. ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಾರೆ."

ಅಂಬುಜಾಕ್ಷಿ ತನ್ನ ಎಡಗೈಗೆ ತಾನೇ ಒಂದು ಏಟು ಹೊಡೆದು, ತಟ್ಟೆಗೆ ಕಾರ್ನ್‌ಫ್ಲೋರ್ ಉದುರಿಸಿ ನೊರೆಯನ್ನು ಸುರಿದಳು. ಅದು ಸದ್ದಿಲ್ಲದೆ ಕೂತುಕೊಂಡಿತು. ಕತ್ತರಿಸಿ, ಹಿಟ್ಟು ಸಕ್ಕರೆಪುಡಿಯಲ್ಲಿ ಹೊರಳಿಸಿದಾಗ ಪ್ರತಿಯೊಂದು ತುಂಡೂ ಬೆರಳಿಗೆ ತಗ್ಗಿ ಬೆರಳನ್ನೇ ಮೇಲಕ್ಕೆತ್ತಿತು.

ಅಷ್ಟರಲ್ಲಿ ದೋಣಿ ಬಂದಿತು. ಹುಣ್ಣಿಮೆಗೊಮ್ಮೆ ಹೊಳೆಯಾಚೆಯ ಮುದುಕಿಯರು ಅವ್ವನನ್ನು ನೋಡಲು ಬರುವುದು ವಾಡಿಕೆ. ಅಂಬುಜಾಕ್ಷಿಯ ಉಂಡೆಗಳನ್ನು ಅವರು ಸೆರಗಿಗೆ ಕಟ್ಟಿಕೊಂಡು ಮೊಮ್ಮಕ್ಕಳಿಗೆ ಒಯ್ಯುತ್ತಿದ್ದರು.

ಎಲ್ಲರಿಗಿಂತ ಹಿರಿಯಳಾದ ಸಿದ್ದಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತುಕೊಂಡಳು. "ಇವತ್ತೇನಮ್ಮ ಉಂಡೆ? ಕೊಡು, ಕಟ್ಟಿಕೊಳ್ಳುತ್ತೇನೆ. ಹಲ್ಲಿದ್ದವರು ತಿನ್ನಲಿ."

"ಇದನ್ನು ಕಟ್ಟಿಕೊಳ್ಳಬೇಡ ಅಜ್ಜಿ. ಬಾಯಿ ತೆಗೆ."

ಸಿದ್ದಜ್ಜಿ ಬಾಯಿ ತೆಗೆದಳು. ಮುಚ್ಚಿದಳು. ಅವಳ ಹುಬ್ಬು ಮೇಲೆ ಹೋಯಿತು.

"ಇದೇನಮ್ಮ ಇದು? ಇಟ್ಟಾಗ ಇತ್ತು. ಈಗ ಇಲ್ಲ!"

"ಕರಗಿತು ಅಜ್ಜಿ."

"ಸುಳ್ಳು. ಇನ್ನೊಂದು ಕೊಡು. ಎಲ್ಲಿಗೆ ಹೋಗುತ್ತದೆ, ಈ ಸಲ ಗಮನವಿಟ್ಟು ನೋಡುತ್ತೇನೆ."

ಹೊಸ್ತಿಲಲ್ಲಿ ಬೊಚ್ಚುಬಾಯಿಗಳ ಸಾಲೇ ಕೂಡಿತು. ತಟ್ಟೆಯಲ್ಲಿ ಉಳಿದದ್ದು ಅಷ್ಟು ಬಾಯಿಗೆ ಎಲ್ಲಿ ಸಾಕು? ಅಂಬುಜಾಕ್ಷಿ ಅವ್ವನ ಪಾಲನ್ನು ಬೇರೆ ತಟ್ಟೆಗೆ ತೆಗೆದಿಟ್ಟು, ಉಳಿದದ್ದನ್ನು ಹಂಚಿ, ಹೊಸದಾಗಿ ಪಾಕಕ್ಕಿಟ್ಟಳು. ಪಾಕ ಕುದಿಯುತ್ತಿರುವಾಗಲೇ ತಟ್ಟೆ ಹಿಡಿದು ಅವ್ವನ ಕೋಣೆಗೆ ಓಡಿದಳು. ಮುಂದಿಟ್ಟು ನಮಸ್ಕರಿಸಿದಳು.

"ಒಲೆಯ ಮೇಲೆ ಪಾಕವಿದೆ ಅವ್ವ, ಬಂದೆ," ಎಂದು ಹಾಗೆಯೇ ಹಿಂದಿರುಗಿ ಓಡಿದಳು.

ಈ ಸಲ ಶುಂಠಿಯದು ಮಾಡಿದಳು. ಮುದುಕಿಯರು ಖಾರಕ್ಕೆ ಸುಯ್ ಎಂದು ಬಾಯಿ ಎಳೆದುಕೊಂಡು ಮತ್ತೆ ಕೈ ಚಾಚಿದರು.

"ಕಾಫಿಯದೊಂದು ಮಾಡು ತಂಗಿ, ಡಿಕಾಕ್ಷನ್ ನಾನು ತರುತ್ತೇನೆ," ಎಂದು ಪಂಚಾಕ್ಷರಯ್ಯನವರು ನಿಂತಲ್ಲಿ ನಿಲ್ಲಲಿಲ್ಲ. ಕಾಫಿಯದೂ ಆಯಿತು. ಒಬ್ಬಳಿಗೆ ಹಿಟ್ಟಿನ ಮೀಸೆ ಬಂದಿತ್ತು. ಅದನ್ನು ನೋಡಿ ಇನ್ನೊಬ್ಬಳು ನಗಲು ಹೋಗಿ ತನ್ನ ಹಿಟ್ಟನ್ನೆಲ್ಲ ಸಿದ್ದಜ್ಜಿಯ ಮುಖಕ್ಕೆ ಊದಿದಳು.

"ಯಾರಮ್ಮ ಮಾಡಿದ್ದು ಇದನ್ನು?" ಎಂದು ಯಾರೋ ಕೇಳಿದರು.

ಅಂಬುಜಾಕ್ಷಿಗೆ ಕೇಳಿಸಲಿಲ್ಲ. ಅವಳು ಕಡೆಯುತ್ತಿದ್ದಳು.

ದೋಣಿ ಹೊರಟ ಮೇಲೆ ಅಂಗಳ ನಿಶ್ಶಬ್ದವಾಯಿತು. ಅಂಬುಜಾಕ್ಷಿ ಪಾತ್ರೆಯನ್ನು ತೊಳೆದು ಬೋರಲು ಹಾಕಿದಳು. ಸೆರಗಿನಿಂದ ಮುಖ ಒರೆಸಿಕೊಳ್ಳುವಾಗ ಥಟ್ಟನೆ ನೆನಪಾಯಿತು. ಅಯ್ಯೋ, ಅವ್ವನ ತಟ್ಟೆ!

ಅವಳು ಕೈಯನ್ನೂ ಒರೆಸಿಕೊಳ್ಳದೆ ಓಡಿದಳು.

ಅವ್ವ ಗೋಡೆಗೆ ಒರಗಿ ಕಾಲು ನೀಡಿ ಕುಳಿತಿದ್ದರು. ಮಡಿಲಲ್ಲಿ ತುಪ್ಪದ ಮಡಕೆ. ಗಲ್ಲದ ಮೇಲೆ ಬಿಳಿಯ ಪುಡಿ. ಮುಂದಿದ್ದ ತಟ್ಟೆಯಲ್ಲಿ ಬೆರಳಾಡಿಸಿದ ಗುರುತು ಬಿಟ್ಟರೆ ಬೇರೇನೂ ಇರಲಿಲ್ಲ.

"ಅವ್ವ, ತಟ್ಟೆ..."

"ಬರಿದಾಗಿದೆ. ಇನ್ನೂ ನಾಲ್ಕು ಇಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

ಅಂಬುಜಾಕ್ಷಿ ಅವ್ವನ ಮುಂದೆ ಕುಳಿತಳು. ಬರಿದಾದ ತಟ್ಟೆಯನ್ನು ಕೈಗೆತ್ತಿಕೊಂಡಳು.

"ಹುರಿಗಡಲೆ ಅಗಿಯುವ ನಿಮಗೆ ನನ್ನ ಮೈಸೂರುಪಾಕು ಏಕೆ ಸೇರಲಿಲ್ಲ ಅವ್ವ? ಇದು ಏಕೆ ಸೇರಿತು? ತುಪ್ಪ ಹಾಕಲಿಲ್ಲವೆಂದೇ?"

"ತುಪ್ಪ ಏನು ತಪ್ಪು ಮಾಡಿದೆ?" ಅವ್ವ ಮಡಕೆಯನ್ನು ಎತ್ತಿ ಅವಳ ಕೈಗೆ ಕೊಟ್ಟರು. "ತೆಗೆದುಕೊಂಡು ಹೋಗು. ನಾಳೆ ಹೋಳಿಗೆಗೆ ಬೇಕು."

"ಹಾಗಾದರೆ ಇಂದು ಮಾತ್ರ ಹೇಗೆ...?"

ಅವ್ವ ಬೆರಳ ತುದಿಯಲ್ಲಿ ಉಳಿದಿದ್ದ ಪುಡಿಯನ್ನು ನೆಕ್ಕಿಕೊಂಡರು. ತೆರೆದ ಬಾಗಿಲಿನ ಆಚೆ ನದಿ ಕಾಣುತ್ತಿತ್ತು.

"ಇಂದು ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ ಮಗಳೇ. ಗಾಳಿ ಚೆನ್ನಾಗಿ ಬಂತು."